ಶಾಲೆಗೆ ಮುಂಚಿನ ವರ್ಷಗಳು: ‘ಪ್ರಿಸ್ಕೂಲ್’ ಎಂಬ ಮಾತಿನ ಅರ್ಥ

 

ಶಾಲೆಗಳು ಶುರುವಾಗುವ ದಿನಗಳಲ್ಲಿ ಒಂದು ಜುಮಾದಂದು ನಾವು ಹೊಳಲಿನ ಮಸೀದಿಯಲ್ಲಿ ಚಿಕ್ಕ ಮಕ್ಕಳ ತರಬಿಯತ್ ಕುರಿತು ಬಯಾನ್ ಮಾಡಿದೆವು. ಅದಕ್ಕೆ ಕಾರಣವಾದದ್ದು ಒಬ್ಬ ತಾಯಿಯ ಪ್ರಶ್ನೆ. ಮಕ್ತಬ್ ಬಿಟ್ಟ ಮೇಲೆ ಮಗಳನ್ನು ಕರೆದೊಯ್ಯಲು ಬಂದ ಆ ತಾಯಿ ಬಾಗಿಲ ಬಳಿ ನಿಂತು ಕೇಳಿದರು:

“ಹಜರತ್, ನಮ್ಮ ಸಣ್ಣ ಹುಡುಗ ಅಂಗನವಾಡಿಗೆ ಹೋಗ್ತಾನ್ರಿ. ಬಾಜು ಮನಿಯವರು ಅವರ ಹುಡುಗನ್ನ ಪ್ರಿಸ್ಕೂಲಿಗೆ ಹಾಕ್ಯಾರ. ಅವನಿಗೆ ಟೈ ಐತಿ, ಬೂಟು ಐತಿ, ವ್ಯಾನು ಮನಿ ಮುಂದ ಬರ್ತೈತಿ. ನಮ್ಮ ಹುಡುಗ ಹಿಂದ ಉಳೀತಾನೇನ್ರಿ? ಫೈನಾನ್ಸಿನವರು ಸಾಲ ಕೊಡ್ತೀವಿ ಅಂದಾರ. ತಗೊಂಡು ಹಾಕ್ಲೇನ್ರಿ?”

ಆ ತಾಯಿಯ ಮಗನಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ನಾಲ್ಕು ವರ್ಷದ ಮಗುವಿನ ಹೆಸರಿನಲ್ಲಿ ಬಡ್ಡಿ ಸಾಲ ಮನೆಯೊಳಗೆ ಬರಲು ಸಿದ್ಧವಾಗಿ ನಿಂತಿತ್ತು. ಇಂಥ ಮನೆ ಅದೊಂದೇ ಅಲ್ಲವೆಂದು ನಮಗೆ ಗೊತ್ತು. ಆದ್ದರಿಂದ ಈ ‘ಪ್ರಿಸ್ಕೂಲ್’ ಎಂಬ ಮಾತಿನ ಅರ್ಥವೇನು, ನಾವು ಅದನ್ನು ಹೇಗೆ ಬಳಸುತ್ತಿದ್ದೇವೆ, ನಮ್ಮ ದೀನ್ ಆ ವಯಸ್ಸಿನ ಮಕ್ಕಳ ಬಗ್ಗೆ ಏನು ಕಲಿಸುತ್ತದೆ ಎಂಬುದನ್ನು ಆ ದಿನ ವಿವರಿಸಿದೆವು. ಜುಮಾಕ್ಕೆ ಬರಲಾಗದ ತಾಯಂದಿರಿಗೂ ತಲುಪಲಿ ಎಂದು ಅದರ ಸಾರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಪದದ ಅರ್ಥ

ಇಂಗ್ಲಿಷಿನಲ್ಲಿ ‘ಪ್ರಿ’ ಎಂದರೆ ಮುಂಚೆ, ‘ಸ್ಕೂಲ್’ ಎಂದರೆ ಶಾಲೆ. ಎರಡೂ ಸೇರಿದರೆ ‘ಶಾಲೆಗೆ ಮುಂಚಿನದು’ ಎಂದಷ್ಟೇ ಅರ್ಥ. ಸರ್ಕಾರಿ ಕನ್ನಡದಲ್ಲಿ ಇದಕ್ಕೆ ‘ಶಾಲಾ ಪೂರ್ವ ಶಿಕ್ಷಣ’ ಅಥವಾ ‘ಪೂರ್ವ ಪ್ರಾಥಮಿಕ’ ಎನ್ನುತ್ತಾರೆ. ಮಗುವಿಗೆ ಮೂರು ವರ್ಷ ತುಂಬಿದಂದಿನಿಂದ ಒಂದನೇ ತರಗತಿಗೆ ಸೇರುವವರೆಗಿನ ಕಾಲವೇ ಇದು.

ಹೀಗೆ ನೋಡಿದರೆ ಅಂಗನವಾಡಿಯೂ ಪ್ರಿಸ್ಕೂಲೇ. ಎಲ್‌ಕೆಜಿ, ಯುಕೆಜಿ ಕೂಡ ಪ್ರಿಸ್ಕೂಲೇ. ಅಜ್ಜಿ ಮೊಮ್ಮಗನನ್ನು ಕೂರಿಸಿಕೊಂಡು ಕಲಿಮಾ ಹೇಳಿಕೊಡುವುದು, ಎಣಿಕೆ ಹೇಳಿಕೊಡುವುದು ಕೂಡ ಆ ಕಾಲದ ಕಲಿಕೆಯೇ. ಆದರೆ ದಿನಬಳಕೆಯಲ್ಲಿ ಈ ಪದದ ಅರ್ಥ ಬದಲಾಗಿದೆ. ಫೀಸು ಕೊಟ್ಟು ಕಳಿಸುವುದಕ್ಕೆ ಮಾತ್ರ ಪ್ರಿಸ್ಕೂಲ್ ಎನ್ನುತ್ತೇವೆ. ಫೀಸಿಲ್ಲದ್ದಕ್ಕೆ ಅಂಗನವಾಡಿ ಎನ್ನುತ್ತೇವೆ. ಎರಡೂ ಒಂದೇ ವಯಸ್ಸಿನ ಮಕ್ಕಳಿಗಾಗಿ ಇವೆ ಎಂಬುದು ಮರೆತೇಹೋಗಿದೆ.

ನಮ್ಮ ಕಡೆ ಬೇರೆ ಮಾತುಗಳೂ ಇವೆ. ವಯಸ್ಸಾದವರು ಈಗಲೂ ‘ಬಾಲವಾಡಿ’ ಎನ್ನುತ್ತಾರೆ. ಕೆಲವು ಪಟ್ಟಣಗಳಲ್ಲಿ ‘ಶಿಶುವಿಹಾರ’ ಎಂಬ ಹಳೆಯ ಬೋರ್ಡುಗಳು ಉಳಿದಿವೆ. ‘ನರ್ಸರಿ’, ‘ಬೇಬಿ ಕ್ಲಾಸ್’, ‘ಪ್ಲೇ ಹೋಂ’, ‘ಮಾಂಟೆಸ್ಸರಿ’ ಎನ್ನುವವರಿದ್ದಾರೆ. ಇಂಗ್ಲಿಷ್ ಮಾಧ್ಯಮವಿದ್ದರೆ ಸಾಕು, ಅದನ್ನು ‘ಕಾನ್ವೆಂಟ್’ ಎಂದುಬಿಡುತ್ತೇವೆ. ಕಾನ್ವೆಂಟ್ ಎಂದರೆ ಕ್ರೈಸ್ತ ಸನ್ಯಾಸಿನಿಯರ ಮಠ. ಅವರು ನಡೆಸುತ್ತಿದ್ದ ಶಾಲೆಗಳಿಂದ ಆ ಹೆಸರು ಬಂತು. ಈಗ ಯಾರು ನಡೆಸಿದರೂ ಅದೇ ಹೆಸರು. ಹೆಸರುಗಳು ಹೀಗೆ ಅರ್ಥ ಬಿಟ್ಟು ದೂರ ಹೋಗುತ್ತವೆ. ಹೆಸರು ಕೇಳಿ ಮರುಳಾಗುವ ಮೊದಲು ಅದರ ಒಳಗೇನಿದೆ ಎಂದು ನೋಡಬೇಕು.

ಎಲ್ಲ ಭಾಷೆಗಳಲ್ಲೂ ತೋಟ

‘ಕೆಜಿ’ ಎಂದರೆ ಕಿಂಡರ್‌ಗಾರ್ಟನ್. ಇದು ಜರ್ಮನ್ ಭಾಷೆಯ ಪದ. ‘ಮಕ್ಕಳ ತೋಟ’ ಎಂದು ಅರ್ಥ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಎಂಬ ಶಿಕ್ಷಕರು 1840ರಲ್ಲಿ ತಮ್ಮ ಸಂಸ್ಥೆಗೆ ಈ ಹೆಸರಿಟ್ಟರು. ಅಲ್ಲಿ ಮಕ್ಕಳು ಹಾಡುತ್ತಿದ್ದರು, ಮರದ ಚೆಂಡು ಮತ್ತು ತುಂಡುಗಳಿಂದ ಆಡುತ್ತಿದ್ದರು, ಗಿಡಗಳಿಗೆ ನೀರು ಹಾಕುತ್ತಿದ್ದರು.

‘ನರ್ಸರಿ’ ಎಂಬ ಪದವನ್ನು ನಮ್ಮ ರೈತ ಸಹೋದರರಿಗೆ ಬಿಡಿಸಿ ಹೇಳಬೇಕಿಲ್ಲ. ಮೆಣಸಿನ ಸಸಿ ತರಲು ನಾವು ಹೋಗುವುದೂ ನರ್ಸರಿಗೇ. ಸಸಿಮಡಿಯಲ್ಲಿ ಸಸಿಗೆ ಬೇಕಾದ್ದು ಹದವಾದ ಮಣ್ಣು, ಸ್ವಲ್ಪ ನೆರಳು, ಅಳತೆಯ ನೀರು. ಬೇಗ ದೊಡ್ಡದಾಗಲಿ ಎಂದು ಸಸಿಯನ್ನು ಹಿಡಿದು ಮೇಲಕ್ಕೆ ಎಳೆಯುವ ರೈತನಿಲ್ಲ. ಬೇರು ಬಲಿಯುವ ಮೊದಲೇ ಕಿತ್ತು ಹೊಲಕ್ಕೆ ನೆಡುವವನೂ ಇಲ್ಲ.

‘ಅಂಗನವಾಡಿ’ಯಲ್ಲಿ ಅಂಗನ ಎಂದರೆ ಅಂಗಳ. ಉರ್ದು ಮಾತಾಡುವ ಮನೆಗಳಲ್ಲೂ ಆಂಗನ್ ಎಂದರೆ ಅಂಗಳವೇ. ವಾಡಿ ಎಂದರೆ ತೋಟ, ಆವರಣ. ತಾರಾಬಾಯಿ ಮೋಡಕ್ ಎಂಬ ಶಿಕ್ಷಣ ತಜ್ಞೆ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಊರಿನಲ್ಲಿ ಹಳ್ಳಿ ಮಕ್ಕಳಿಗಾಗಿ ಕೆಲಸ ಆರಂಭಿಸಿದರು. ಬಡವರ ಮಕ್ಕಳು ಬಾಲವಾಡಿಯವರೆಗೆ ಬರಲಾರರು ಎಂದು ಕಂಡಾಗ ಅವರು ಬಾಲವಾಡಿಯನ್ನೇ ಆ ಮಕ್ಕಳ ಓಣಿಗೆ, ಅಂಗಳಕ್ಕೆ ಕೊಂಡೊಯ್ದರು. ಅಂಗನವಾಡಿ ಎಂಬ ಮಾತಿನ ಹಿಂದೆ ಈ ಕಾಳಜಿ ಇದೆ.

ಇನ್ನು ಅರಬ್ಬಿ ಭಾಷೆ. ಅರಬ್ ದೇಶಗಳಲ್ಲಿ ಇದಕ್ಕೆ ‘ರೌದತುಲ್ ಅತ್ಫಾಲ್’ ಎನ್ನುತ್ತಾರೆ. ಅತ್ಫಾಲ್ ಎಂದರೆ ಮಕ್ಕಳು, ರೌದಾ ಎಂದರೆ ಉದ್ಯಾನ. ಹಜ್ ಮತ್ತು ಉಮ್ರಾಗೆ ಹೋಗಿ ಬಂದವರಿಗೆ ಮದೀನಾದ ಮಸ್ಜಿದುನ್ನಬವಿಯಲ್ಲಿರುವ ರೌದಾ ಶರೀಫ್ ಗೊತ್ತು. ಅಲ್ಲಿ ಎರಡು ರಕಅತ್ ನಮಾಝ್ ಮಾಡಲು ಜನ ಹಾತೊರೆಯುತ್ತಾರೆ. ಅದೇ ಪದವನ್ನು ಚಿಕ್ಕ ಮಕ್ಕಳು ಕೂಡುವ ಜಾಗಕ್ಕೂ ಬಳಸುತ್ತಾರೆ.

ಜರ್ಮನಿಯವರು, ಇಂಗ್ಲಿಷಿನವರು, ನಮ್ಮ ದೇಶದವರು, ಅರಬರು ಎಲ್ಲರಿಗೂ ಈ ವಯಸ್ಸಿನ ಮಕ್ಕಳನ್ನು ಕಂಡಾಗ ತೋಟವೇ ನೆನಪಾಗಿದೆ. ‘ಪ್ರಿಸ್ಕೂಲ್’ ಎಂಬ ಹೊಸ ಪದದಲ್ಲಿ ಮಾತ್ರ ತೋಟವಿಲ್ಲ. ಅದರಲ್ಲಿ ‘ಸ್ಕೂಲ್’ ಎಂಬುದಷ್ಟೇ ನಮ್ಮ ಕಿವಿಗೆ ಬೀಳುತ್ತದೆ, ‘ಮುಂಚೆ’ ಎಂಬುದು ಕೇಳಿಸುವುದಿಲ್ಲ. ಹಾಗಾಗಿ ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು, ಹೋಂವರ್ಕ್ ಬರೆಸಿ, ಬರೆಯದಿದ್ದರೆ ಗದರಿಸಿ, ಇದೇ ವಿದ್ಯೆ ಎಂದುಕೊಳ್ಳುತ್ತಿದ್ದೇವೆ.

ಕಾನೂನು ಏನು ಹೇಳುತ್ತದೆ?

ಮಗು ಹಿಂದೆ ಬೀಳುತ್ತದೆ ಎಂಬ ಭಯದಲ್ಲಿರುವ ತಂದೆತಾಯಿಗಳು ಇಷ್ಟನ್ನು ತಿಳಿದಿರಬೇಕು.

ನಮ್ಮ ದೇಶದಲ್ಲಿ ಶಿಕ್ಷಣ ಮಗುವಿನ ಮೂಲಭೂತ ಹಕ್ಕು. ಅದು 6ರಿಂದ 14 ವರ್ಷದವರೆಗೆ. ಆರರೊಳಗಿನ ಮಕ್ಕಳ ಪಾಲನೆ ಮತ್ತು ಶಿಕ್ಷಣಕ್ಕೆ ವ್ಯವಸ್ಥೆ ಮಾಡಲು ಯತ್ನಿಸಬೇಕೆಂದು ಸಂವಿಧಾನದ 45ನೇ ವಿಧಿ ಸರ್ಕಾರಕ್ಕೆ ನಿರ್ದೇಶನ ನೀಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಕೂಡ 3ರಿಂದ 6 ವರ್ಷದ ಮಕ್ಕಳಿಗೆ ಉಚಿತ ಶಾಲಾಪೂರ್ವ ಶಿಕ್ಷಣದ ಮಾತನ್ನು ಆಡುತ್ತದೆ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮವಿದೆ. 2025-26ನೇ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಕೆ ಕೊಟ್ಟಿದ್ದರು.

ಅಂದರೆ ಎರಡೂವರೆ ವರ್ಷಕ್ಕೇ ಮಗುವನ್ನು ಹೊರಡಿಸಿದರೂ ಅದು ಒಂದನೇ ತರಗತಿ ತಲುಪುವುದು ಆರಕ್ಕೇ. ಓಡಿಸಿದವನಿಗೂ ನಡೆಸಿದವನಿಗೂ ಬಾಗಿಲು ಒಂದೇ ದಿನ ತೆರೆಯುತ್ತದೆ. ಕೆಲವರು ಇದನ್ನು ದಾಟಲು ಮಗುವಿನ ಜನ್ಮದಿನಾಂಕವನ್ನೇ ಬದಲಿಸಿ ಬರೆಸಲು ಹೋಗುತ್ತಾರೆ. ಇದು ಸುಳ್ಳು ಸಾಕ್ಷಿ. ಇದು ಗುನಾಹ್. ವಿದ್ಯೆಯ ಮೊದಲ ಕಾಗದದಲ್ಲೇ ಸುಳ್ಳು ಬರೆಸಿದರೆ ಆ ವಿದ್ಯೆಯಲ್ಲಿ ಬರಕತ್ ಎಲ್ಲಿಂದ ಬರಬೇಕು?

ಅಂಗನವಾಡಿ ಎಂದರೆ ಬರೀ ಉಪ್ಪಿಟ್ಟಲ್ಲ

“ಅಂಗನವಾಡಿಗೆ ಉಪ್ಪಿಟ್ಟು ತಿನ್ನಕ್ಕ ಹೋಗ್ತಾರ” ಎಂದು ನಮ್ಮಲ್ಲಿ ಹಗುರವಾಗಿ ಮಾತಾಡುವವರಿದ್ದಾರೆ. ಸ್ವಲ್ಪ ತಿಳಿದು ಮಾತಾಡಬೇಕು.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಶುರುವಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಈ ಯೋಜನೆಯಲ್ಲಿ ಆರು ಸೇವೆಗಳಿವೆ: ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಅಗತ್ಯವಿದ್ದರೆ ಆಸ್ಪತ್ರೆಗೆ ಕಳಿಸಿಕೊಡುವುದು, ತಾಯಂದಿರಿಗೆ ಪೌಷ್ಟಿಕತೆ ಮತ್ತು ಆರೋಗ್ಯದ ತಿಳಿವಳಿಕೆ, ಹಾಗೂ 3ರಿಂದ 6 ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ. ಮಗುವಿನ ತೂಕ ನೋಡಿ ಬರೆದಿಡುತ್ತಾರೆ. ತೂಕ ಕಡಿಮೆಯಾದರೆ ಮನೆಯವರಿಗಿಂತ ಮೊದಲೇ ಕಾರ್ಯಕರ್ತೆಗೆ ಗೊತ್ತಾಗಬಹುದು. ಮೊಟ್ಟೆ, ಹಾಲು, ಬಿಸಿಯೂಟ ಸಿಗುತ್ತದೆ. ಹಸಿದ ಹೊಟ್ಟೆಯಲ್ಲಿ ಅಕ್ಷರ ನಿಲ್ಲುವುದಿಲ್ಲ, ಆದ್ದರಿಂದ ಆ ಊಟವೂ ಕಲಿಕೆಯ ಭಾಗವೇ. ಕಲಿಸಲು ‘ಚಿಲಿಪಿಲಿ’ ಎಂಬ ಪಠ್ಯಕ್ರಮವನ್ನೇ ರಾಜ್ಯ ಸರ್ಕಾರ ಮಾಡಿದೆ. ಅದರಲ್ಲಿ ಹಾಡು, ಕಥೆ, ಆಟವೇ ಹೆಚ್ಚು.

ನಮ್ಮ ಮನೆಗಳಿಗೆ ಇನ್ನೊಂದು ಲಾಭವಿದೆ. ಮನೆಯಲ್ಲಿ ಉರ್ದು ಮಾತಾಡುವ ಮಗು ಅಲ್ಲಿ ಆಡುತ್ತಾಡುತ್ತ ಕನ್ನಡ ಕಲಿಯುತ್ತದೆ. ಮುಂದೆ ಶಾಲೆಯಲ್ಲಿ, ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ ಆ ಕನ್ನಡ ಬೇಕು. ಓಣಿಯ ಎಲ್ಲ ಜಾತಿ ಧರ್ಮದ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣುವ ಜಾಗ ಅದು. ಈ ಕಾಲದಲ್ಲಿ ಅಂಥ ಜಾಗ ಎಷ್ಟಿವೆ, ಯೋಚಿಸಿ.

ಹಾಗೆಂದು ಎಲ್ಲ ಅಂಗನವಾಡಿಗಳೂ ಸರಿಯಾಗಿವೆ ಎಂದು ನಾವು ಹೇಳುವುದಿಲ್ಲ. ಕಾರ್ಯಕರ್ತೆಯ ಮೇಲೆ ಸರ್ವೆ, ರಿಜಿಸ್ಟರು, ಮೊಬೈಲಿನಲ್ಲಿ ಮಾಹಿತಿ ತುಂಬುವ ಕೆಲಸ ಬೀಳುತ್ತದೆ. ಆಗ ಮಕ್ಕಳ ಹಾಡು, ಕಥೆಯ ಹೊತ್ತು ಕಡಿಮೆಯಾಗುತ್ತದೆ. ಕಟ್ಟಡ, ಶೌಚಾಲಯದ ತೊಂದರೆ ಇರುವ ಕಡೆಗಳೂ ಇವೆ. ಆದರೆ ನಾವು ಮಗುವನ್ನು ಕಳಿಸದೆ, ಒಂದು ದಿನವೂ ಹೋಗಿ ನೋಡದೆ, ದೂರದಿಂದ ದೂರುತ್ತಿದ್ದರೆ ಅದು ಸುಧಾರಿಸುವುದು ಹೇಗೆ? ಅಂಗನವಾಡಿಗೆ ಬಾಲವಿಕಾಸ ಸಮಿತಿ ಎಂಬುದಿರುತ್ತದೆ, ತಾಯಂದಿರೂ ಅದರಲ್ಲಿರುತ್ತಾರೆ. ನಮ್ಮ ಓಣಿಯ ತಾಯಂದಿರು ಅದರಲ್ಲಿ ಕೂತು ಕೇಳಬೇಕು.

ಅನುಕೂಲವಿದ್ದವರು ಖಾಸಗಿ ಪ್ರಿಸ್ಕೂಲಿಗೆ ಕಳಿಸಬಾರದು ಎಂದೂ ನಾವು ಹೇಳುವುದಿಲ್ಲ. ಹಲಾಲ್ ದುಡಿಮೆಯ ಹಣವಿದೆ, ಜಾಗ ಚೆನ್ನಾಗಿದೆ ಎಂದಾದರೆ ಕಳಿಸಬಹುದು. ಕಳಿಸುವ ಮುನ್ನ ಟೈ ಬೂಟು ನೋಡಬೇಡಿ. ಮಗುವಿಗೆ ಆಡಲು ಬಿಡುತ್ತಾರೆಯೇ, ಹೊಡೆಯುತ್ತಾರೆಯೇ, ಮೂರು ವರ್ಷಕ್ಕೇ ಹೋಂವರ್ಕ್ ಕೊಡುತ್ತಾರೆಯೇ, ಇದನ್ನು ನೋಡಿ.

ಏಳಕ್ಕೆ ಮುಂಚೆ: ದೀನ್ ಕಲಿಸುವುದೇನು?

ಅಬೂದಾವೂದ್‌ನಲ್ಲಿ ಬಂದಿರುವ ಪ್ರಸಿದ್ಧ ಹದೀಸ್ ನಮಗೆಲ್ಲ ಗೊತ್ತು. ಮಕ್ಕಳಿಗೆ ಏಳು ವರ್ಷವಾದಾಗ ನಮಾಝ್ ಮಾಡಲು ಹೇಳಬೇಕೆಂದೂ, ಹತ್ತಾದಾಗ ಬಿಗಿ ಮಾಡಬೇಕೆಂದೂ ಪ್ರವಾದಿ(ಸ) ಕಲಿಸಿದರು. ಇದರ ಇನ್ನೊಂದು ಮಗ್ಗುಲನ್ನು ನಾವು ಯೋಚಿಸುವುದಿಲ್ಲ. ನಮಾಝ್ ದೀನ್‌ನ ಸ್ತಂಭ. ಅಂಥ ನಮಾಝ್‌ಗೂ ಏಳಕ್ಕೆ ಮುಂಚೆ ಅಪ್ಪಣೆ ಇಲ್ಲ ಎಂದಮೇಲೆ, ಮೂರು ವರ್ಷದ ಮಗುವಿಗೆ ಎಬಿಸಿಡಿ ಬರೆಯಲಿಲ್ಲವೆಂದು ಶಿಕ್ಷೆ ಕೊಡಲು ನಮಗೆ ಅಧಿಕಾರ ಕೊಟ್ಟವರು ಯಾರು?

ಹಾಗಾದರೆ ಏಳರವರೆಗೆ ಏನೂ ಕಲಿಸಬಾರದೇ? ಹಾಗಲ್ಲ. ಪ್ರವಾದಿಯವರ(ಸ) ಮನೆಯಲ್ಲಿ ಬೆಳೆಯುತ್ತಿದ್ದ ಉಮರ್ ಬಿನ್ ಅಬೀ ಸಲಮಾ(ರ) ಎಂಬ ಬಾಲಕ ಊಟಕ್ಕೆ ಕೂತಾಗ ತಟ್ಟೆಯ ತುಂಬ ಕೈಯಾಡಿಸುತ್ತಿದ್ದರು. ಅಲ್ಲಾಹನ ಹೆಸರು ಹೇಳಿ, ಬಲಗೈಯಿಂದ, ತನ್ನ ಮುಂದಿರುವುದನ್ನು ತಿನ್ನಬೇಕೆಂದು ಪ್ರವಾದಿ(ಸ) ಅವರಿಗೆ ತಿಳಿಸಿದರು. ಆ ಬಾಲಕ ಅದನ್ನು ಜೀವನಪೂರ್ತಿ ಮರೆಯಲಿಲ್ಲ. ಪಾಠ ನಡೆದದ್ದು ಊಟದ ತಟ್ಟೆಯ ಮುಂದೆ. ಗದರಿಕೆ ಇರಲಿಲ್ಲ.

ಅನಸ್(ರ) ಅವರ ಪುಟ್ಟ ತಮ್ಮ ಅಬೂ ಉಮೈರ್ ಸಾಕಿದ್ದ ಚಿಕ್ಕ ಹಕ್ಕಿಯನ್ನು ಪ್ರವಾದಿ(ಸ) ಪ್ರೀತಿಯಿಂದ ವಿಚಾರಿಸುತ್ತಿದ್ದರು. ಮೊಮ್ಮಗ ಬೆನ್ನೇರಿದಾಗ ಸಜ್ದಾವನ್ನು ಉದ್ದ ಮಾಡಿದರು. ಮಗುವಿನ ಅಳು ಕೇಳಿದರೆ ತಾಯಿಗೆ ಕಷ್ಟವಾಗಬಾರದೆಂದು ನಮಾಝ್ ಚಿಕ್ಕದು ಮಾಡುತ್ತಿದ್ದರು. ಇವೆಲ್ಲ ಸಹೀಹ್ ಹದೀಸ್‌ಗಳಲ್ಲಿ ಬಂದಿವೆ. ಆಟ, ಅಕ್ಕರೆ, ಜೊತೆಗೆ ನಡೆದು ತೋರಿಸುವುದು, ಇದೇ ಈ ವಯಸ್ಸಿನ ತಾಲೀಮ್.

ಇನ್ನೊಂದು ಹದೀಸ್ ತಾಯಂದಿರಿಗೆ ಬಹಳ ಮುಖ್ಯ. ಒಬ್ಬ ತಾಯಿ ಮಗನನ್ನು ಏನೋ ಕೊಡುತ್ತೇನೆಂದು ಕರೆದರು. ಏನು ಕೊಡುವಿರೆಂದು ಪ್ರವಾದಿ(ಸ) ಕೇಳಿದರು. ಖರ್ಜೂರ ಎಂದರು. ಕೊಡದೆ ಹೋಗಿದ್ದರೆ ಅದು ಸುಳ್ಳೆಂದು ಬರೆಯಲ್ಪಡುತ್ತಿತ್ತು ಎಂದು ಅವರು ಎಚ್ಚರಿಸಿದರು. ನಾವು ಏನು ಮಾಡುತ್ತೇವೆ? “ಪೇಟಿಗೆ ಹೋಗೂಣು ಬಾ” ಎಂದು ಕರೆದೊಯ್ದು ಅಳುವ ಮಗುವನ್ನು ಶಾಲೆಯ ಗೇಟಿನೊಳಗೆ ಬಿಟ್ಟು ಕಾಣದಂತೆ ಓಡಿ ಬರುತ್ತೇವೆ. ಮಗು ಅಂದು ಕಲಿಯುವ ಮೊದಲ ಪಾಠ, ಅಮ್ಮನ ಮಾತು ನಂಬಬಾರದು ಎಂಬುದು.

ನಮ್ಮ ಹಿರಿಯರು ಮತ್ತು ಮಕ್ತಬ್

ಹಿಂದೂಸ್ತಾನದ ಮುಸ್ಲಿಮರಲ್ಲಿ ಬಿಸ್ಮಿಲ್ಲಾ ಖ್ವಾನಿ ಎಂಬ ರೂಢಿಯಿದೆ. ಮಗುವಿಗೆ 4 ವರ್ಷ, 4 ತಿಂಗಳು, 4 ದಿನ ತುಂಬಿದಾಗ ಹಿರಿಯರು ಬಿಸ್ಮಿಲ್ಲಾ ಹೇಳಿಸಿ ಸಿಹಿ ಹಂಚುತ್ತಾರೆ. ಇದು ಫರ್ಝ್ ಅಲ್ಲ, ಸುನ್ನತ್ ಎನ್ನಲೂ ಆಧಾರವಿಲ್ಲ, ಕೇವಲ ರೂಢಿ. ಆದರೆ ವಿದ್ಯೆಯ ಮೊದಲ ದಿನ ಮಗುವಿನ ಬಾಯಿಗೆ ಸಿಹಿ ಬೀಳಬೇಕೆಂದು ಹಿರಿಯರು ಬಗೆದಿದ್ದರು ಎಂಬುದನ್ನು ಗಮನಿಸಿ.

ಮಕ್ತಬ್ ಮುಗಿದ ಮೇಲೆ ಮಗುವಿಗೆ ಆಡಲು ಬಿಡಬೇಕು, ಆಟ ತಡೆದು ಸದಾ ಓದಿಗೆ ಕೂರಿಸಿದರೆ ಅದರ ಹೃದಯ ಸಾಯುತ್ತದೆ ಎಂದು ಇಮಾಮ್ ಗಝಾಲಿ ಇಹ್ಯಾ ಗ್ರಂಥದಲ್ಲಿ ತಿಳಿಸಿದ್ದಾರೆ. ಅತಿ ಕಠೋರವಾಗಿ ಕಲಿಸಿದರೆ ಮಕ್ಕಳು ಸೋಮಾರಿಗಳಾಗುತ್ತಾರೆ, ಸುಳ್ಳು ಕಲಿಯುತ್ತಾರೆ ಎಂದು ಇಬ್ನು ಖಲ್ದೂನ್ 14ನೇ ಶತಮಾನದಲ್ಲೇ ಬರೆದಿದ್ದಾರೆ.

ಇದನ್ನೆಲ್ಲ ಮದ್ರಸಾದಲ್ಲಿ ಓದಿ ಬಂದ ನಾವೇ ತಪ್ಪು ಮಾಡಿದ್ದೇವೆ. ಅದನ್ನು ಮುಚ್ಚಿಟ್ಟು ಪರರಿಗೆ ನಸೀಹತ್ ಹೇಳುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ತಂದೆ ನಾಲ್ಕು ವರ್ಷದ ಮಗನನ್ನು ಮಕ್ತಬ್‌ಗೆ ತಂದು ಬಿಟ್ಟರು. ದೊಡ್ಡ ಮಕ್ಕಳ ಸಾಲಿನಲ್ಲೇ ಕೂರಿಸಿ ಕೈಗೆ ಕಾಯಿದಾ ಕೊಟ್ಟೆವು. ಮಗು ಒಂದು ಕಡೆ ಕೂರುತ್ತಿರಲಿಲ್ಲ. ನಾವು ಜೋರು ಮಾಡಿದೆವು, ಬೆತ್ತವನ್ನು ನೆಲಕ್ಕೆ ಬಡಿದು ಹೆದರಿಸಿದೆವು. ಹದಿನೈದು ದಿನಕ್ಕೆ ಮಗು ಬರುವುದು ನಿಂತಿತು. ಮನೆಗೆ ಹೋಗಿ ವಿಚಾರಿಸಿದಾಗ ಅದರ ಅಜ್ಜಿ ಹೇಳಿದರು: “ಅಸರ್ ಅಝಾನ್ ಕೇಳಿದ್ರ ಬಾಗಿಲ ಸಂದ್ಯಾಗ ಹೋಗಿ ಕುಂದರ್ತಾನ್ರಿ. ಹಜರತ್ ಕರೀತಾರ ಅಂತಾನ.”

ಅಲ್ಲಾಹನ ಮನೆಯ ಕರೆ ಕೇಳಿ ಒಂದು ಮಗು ಅಡಗಿ ಕೂರುವಂತೆ ನಾವು ಮಾಡಿದ್ದೆವು. ಆ ಮಾತು ಕೇಳಿ ನಮಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಾಹನಲ್ಲಿ ಕ್ಷಮೆ ಬೇಡಿದೆವು, ಆ ಅಜ್ಜಿಯ ಕ್ಷಮೆಯನ್ನೂ ಕೇಳಿದೆವು. ಅಂದಿನಿಂದ ನಮ್ಮ ಮಕ್ತಬ್‌ನಲ್ಲಿ ಬೆತ್ತವಿಲ್ಲ. ಆರರೊಳಗಿನ ಮಕ್ಕಳು ಬಂದರೆ ಬೇರೆ ಕೂರಿಸಿ ಅರ್ಧ ಗಂಟೆ ಮಾತ್ರ ಕಲಿಮಾ, ಚಿಕ್ಕ ದುಆ, ನಬಿಗಳ ಕಥೆ ಹೇಳುತ್ತೇವೆ, ಆಮೇಲೆ ಅಂಗಳದಲ್ಲಿ ಆಡಲು ಬಿಡುತ್ತೇವೆ. ಆ ಹುಡುಗ ಮತ್ತೆ ಬರಲು ಎರಡು ವರ್ಷ ಹಿಡಿಯಿತು. ಬಂದ, ಅಲ್‌ಹಮ್ದುಲಿಲ್ಲಾಹ್.

ಮನೆಯವರು ಮಾಡಬೇಕಾದದ್ದು

ಮೊದಲನೆಯದು, ಮೂರು ವರ್ಷ ತುಂಬಿದ ಮಗುವನ್ನು ಅಂಗನವಾಡಿಗೆ ಸೇರಿಸಿ. ಜನನ ಪ್ರಮಾಣಪತ್ರ ಮತ್ತು ತಾಯಿ ಕಾರ್ಡ್ ಜೋಪಾನವಾಗಿಡಿ. ಲಸಿಕೆ ತಪ್ಪಿಸಬೇಡಿ.

ಎರಡನೆಯದು, ತಿಂಗಳಿಗೊಮ್ಮೆಯಾದರೂ ಹೋಗಿ ಮಗುವಿನ ತೂಕ ಕೇಳಿ. ತಂದೆಯರು ಸಹ ಹೋಗಬೇಕು.

ಮೂರನೆಯದು, ಚಿಕ್ಕ ಮಗುವಿನ ಫೀಸಿಗಾಗಿ ಬಡ್ಡಿ ಸಾಲ ಮಾಡಬೇಡಿ. ಬಡ್ಡಿ ಹರಾಮ್ ಎಂಬುದು ಒಂದು, ವಾರದ ಕಂತಿನ ಚಿಂತೆಯಲ್ಲಿ ಮನೆಯ ಜಗಳ ಕೇಳುತ್ತ ಬೆಳೆಯುವ ಮಗು ಏನು ಕಲಿತೀತು ಎಂಬುದು ಇನ್ನೊಂದು. ಆ ಕಂತಿನ ಹಣದಲ್ಲಿ ಸ್ವಲ್ಪ ಮಗುವಿನ ಹಾಲು ಹಣ್ಣಿಗೆ, ಸ್ವಲ್ಪ ಮುಂದಿನ ಓದಿಗೆ ತೆಗೆದಿಡಿ.

ನಾಲ್ಕನೆಯದು, ದಿನಕ್ಕೆ ಅರ್ಧ ಗಂಟೆ ಮೊಬೈಲ್ ಬದಿಗಿಟ್ಟು ಮಗುವಿನ ಜೊತೆ ಮಾತಾಡಿ. ಮೆಂತ್ಯ ಬಿಡಿಸುವಾಗ ಎಲೆ ಎಣಿಸಲಿ, ರೊಟ್ಟಿ ಬಡಿಯುವಾಗ ಗುಂಡಗಿನದು ಯಾವುದು, ದೊಡ್ಡದು ಯಾವುದು ಎಂದು ಕೇಳಿ. ಊಟಕ್ಕೆ ಮುಂಚೆ ಬಿಸ್ಮಿಲ್ಲಾ ನೀವು ಹೇಳಿ, ಅದು ತಾನಾಗಿ ಹೇಳುತ್ತದೆ.

ಐದನೆಯದು, ನಮಾಝ್ ಮಾಡುವಾಗ ಪಕ್ಕದಲ್ಲಿ ನಿಂತು ನಕಲು ಮಾಡಿದರೆ ಗದರಬೇಡಿ. ಮಸೀದಿಗೆ ಬಂದ ಮಗುವನ್ನು ಹಿರಿಯರು ಹೊರಗೆ ಕಳಿಸಬೇಡಿ. ಕಮಿಟಿಯವರಿಗೂ ನಮ್ಮ ವಿನಂತಿ ಇದೇ.

ಆ ತಾಯಿಗೆ ನಾವು ಬಾಗಿಲಲ್ಲೇ ಚಿಕ್ಕದಾಗಿ ಹೇಳಿದೆವು: “ಅಮ್ಮಾ, ನಿಮ್ಮ ಮಗ ಹಿಂದ ಬಿದ್ದಿಲ್ಲ. ಅವನು ಹೋಗೋದೂ ಪ್ರಿಸ್ಕೂಲೇ. ಸಾಲ ಬ್ಯಾಡ. ಒಂದು ದಿನ ನೀವೇ ಹೋಗಿ ಅಲ್ಲಿ ಕುಂತು ನೋಡ್ರಿ.” ಅವರು ಹೋಗಿ ಕೂತು ನೋಡಿದರು. ಮುಂದಿನ ವಾರ ಬಂದು ದೂರು ಹೇಳಿದರು: ಆಟದ ಸಾಮಾನು ಸಾಲದು, ಕುಡಿಯುವ ನೀರಿನ ಡ್ರಮ್ಮಿಗೆ ಮುಚ್ಚಳವಿಲ್ಲ. ನಮಗೆ ಸಂತೋಷವಾಯಿತು. ದೂರು ಹೇಳುವಷ್ಟು ಹತ್ತಿರ ಹೋಗಿ ನೋಡಿದ್ದಾರೆ. ಮುಚ್ಚಳವನ್ನು ಮರುದಿನವೇ ಒಬ್ಬ ಸಹೋದರರು ಕೊಡಿಸಿದರು. ಆಟದ ಸಾಮಾನಿನ ಮಾತು ಬಾಲವಿಕಾಸ ಸಮಿತಿಯ ಮುಂದೆ ಹೋಗಬೇಕಿದೆ. ಅದನ್ನು ಆ ತಾಯಿಯೇ ಹೇಳಲಿದ್ದಾರೆ.

ಪ್ರತಿ ಮಗುವೂ ಶುದ್ಧ ಫಿತ್ರತ್‌ನ ಮೇಲೆ ಹುಟ್ಟುತ್ತದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಆ ಅಮಾನತ್ತನ್ನು ನಾವು ಹೇಗೆ ನೋಡಿಕೊಂಡೆವು ಎಂದು ನಾಳೆ ಕೇಳಲಾಗುತ್ತದೆ. ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯ, ಇಲ್ಮ್ ಮತ್ತು ಒಳ್ಳೆಯ ನಡತೆ ಕೊಡಲಿ. ಅವರ ಮೇಲೆ ಜೋರು ಮಾಡಿದ ನಮ್ಮ ತಪ್ಪುಗಳನ್ನು ಕ್ಷಮಿಸಲಿ. ಓಣಿಯ ಎಲ್ಲ ಮಕ್ಕಳನ್ನು, ಅವರಿಗೆ ಅನ್ನ ಬಡಿಸಿ ಹಾಡು ಕಲಿಸುವ ಆ ಕಾರ್ಯಕರ್ತೆಯರನ್ನು, ಸಹಾಯಕಿಯರನ್ನು ಚೆನ್ನಾಗಿಡಲಿ. ಆಮೀನ್.